ಫ್ರಿಜ್ಜಿನ ಬಾಗಿಲಲ್ಲಿ ಅರ್ಧ ಬಾಟಲಿ

ಕೊಪ್ಪಳ
ಜನವರಿ 11, 2026, ರವಿವಾರ ರಾತ್ರಿ

ಒಳಗಿನ ಕೋಣೆಯಲ್ಲಿ ಎರಡು ಮಕ್ಕಳು ಮಲಗಿವೆ. ಒಂದು ನನ್ನ ಮಗಳು, ಎರಡೂವರೆ ವರ್ಷ. ಇನ್ನೊಂದು ನಾದಿನಿಯ ಮಗ, ನಾಲ್ಕು ವರ್ಷದವನು. ಕುಕನೂರಿನಿಂದ ಜಾತ್ರೆಗೆ ಬಂದವನು ಇನ್ನೂ ಇಲ್ಲೇ ಇದ್ದಾನೆ. ಇಬ್ಬರಿಗೂ ಕೆಮ್ಮು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರು, ಪಾಳಿ ಹಚ್ಚಿಕೊಂಡ ಹಾಗೆ.

ಸೋಮವಾರ ಅಜ್ಜನ ತೇರು ಇತ್ತು. ಕೊಪ್ಪಳದಲ್ಲಿದ್ದುಕೊಂಡು ಗವಿಮಠದ ತೇರಿಗೆ ಹೋಗದೆ ಇರುವುದು ಆಗದ ಮಾತು. ಮಗಳನ್ನು ಅವರಪ್ಪ ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಧೂಳು, ಜನ, ರಾತ್ರಿಯ ಚಳಿ, ದಾಸೋಹದ ಸಾಲು. ಯಾರ ಮೂಗಿನದು ಯಾರ ಕೈಗೆ ಹತ್ತಿತೋ. ಬುಧವಾರ ಮಧ್ಯಾಹ್ನ ಮಗಳ ಮೈ ಬಿಸಿಯಾಯಿತು. ರಾತ್ರಿ ಥರ್ಮಾಮೀಟರ್ 102 ತೋರಿಸಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಪ್ರತಿ ವರ್ಷ ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುತ್ತೇನೆ. ನೆಗಡಿ, ಫ್ಲೂ ವೈರಸ್‌ನಿಂದ ಬರುತ್ತವೆ, ಆಂಟಿಬಯೋಟಿಕ್ ಬ್ಯಾಕ್ಟೀರಿಯಾದ ಮೇಲೆ ಮಾತ್ರ ನಡೆಯುತ್ತದೆ ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಎರಡು ಅಂಕದ ಪ್ರಶ್ನೆ. ಬುಧವಾರ ರಾತ್ರಿ ಎರಡು ಗಂಟೆಗೆ ಆ ಎರಡು ಅಂಕ ನನಗೇ ಸಿಗುತ್ತಿರಲಿಲ್ಲ.

ಯಾಕಂದರೆ ನಾನು ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದಿದ್ದೆ. ಸಾಸ್ ಬಾಟಲಿಯ ಪಕ್ಕದಲ್ಲಿ ಅರ್ಧ ಬಾಟಲಿ ಆಂಟಿಬಯೋಟಿಕ್ ಇತ್ತು. ಆಗಸ್ಟಿನಲ್ಲಿ ಮಗಳಿಗೆ ಕಿವಿ ಸೋರಿದಾಗ ಬರೆದುಕೊಟ್ಟಿದ್ದ ಅಮಾಕ್ಸಿಸಿಲಿನ್-ಕ್ಲಾವುಲನೇಟ್. ಏಳು ದಿನ ಕೊಡಿ ಎಂದಿದ್ದರು. ನಾಲ್ಕನೇ ದಿನಕ್ಕೆ ಅವಳು ಆಟಕ್ಕೆ ಎದ್ದಳು, ನಾವೂ ಬಿಟ್ಟೆವು. ದುಡ್ಡು ಕೊಟ್ಟು ತಂದದ್ದು, ಚೆಲ್ಲುವುದು ಯಾಕೆ ಎಂದು ಹಾಗೇ ಇಟ್ಟಿದ್ದೆ. ಎಷ್ಟು ಮನೆಗಳ ಫ್ರಿಜ್ಜಿನಲ್ಲಿ ಇಂಥ ಅರ್ಧ ಬಾಟಲಿ ಇವೆಯೋ, ಸುಮ್ನೆ ಒಮ್ಮೆ ನಿಮ್ಮ ಮನೆಯದನ್ನೂ ನೋಡಿ.

ಮುಚ್ಚಳ ತೆಗೆದಾಗ ಬಣ್ಣ ತಿರುಗಿದ್ದು ಕಂಡಿತು. ಆಮೇಲೆ ಲೇಬಲ್ ಓದಿದೆ. ನೀರು ಬೆರೆಸಿದ ಮೇಲೆ ತಂಪಿನಲ್ಲಿಟ್ಟು ಏಳು ದಿನದೊಳಗೆ ಬಳಸಬೇಕು. ನಾನು ಐದು ತಿಂಗಳು ಇಟ್ಟಿದ್ದೆ. ಪುಡಿಯಾಗಿದ್ದಾಗ ಡಬ್ಬಿಯ ಮೇಲಿನ ತಾರೀಖಿನವರೆಗೆ ಬಾಳುತ್ತದೆ, ನೀರು ಬಿದ್ದ ಮೇಲೆ ಅದರ ಲೆಕ್ಕವೇ ಬೇರೆ. ದಿನ ಕಳೆದ ಹಾಗೆ ಶಕ್ತಿ ಇಳಿಯುತ್ತದೆ. ಬಾಟಲಿಯನ್ನು ವಾಪಸ್ ಅಲ್ಲೇ ಇಟ್ಟು ಬಂದೆ. ಚೆಲ್ಲಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ಗುರುವಾರ ಬೆಳಿಗ್ಗೆ ನಮ್ಮನೆಯವರು ಡ್ಯೂಟಿಗೆ ಹೋಗುವ ಮೊದಲು ಮೆಡಿಕಲ್‌ಗೆ ಹೋಗಿ ಬಂದರು. ಕವರಿನಲ್ಲಿ ಎರಡು ಬಾಟಲಿ. "ದಿನಕ್ಕ ಎರಡು ಸಲ ಅರ್ಧ ಚಮಚ ಹಾಕ್ರಿ, ಶನಿವಾರಕ್ಕ ಕುಣಿತೈತಿ ಕೂಸು ಅಂದ್ರು" ಎಂದರು. ಒಂದು ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್. ಡಬ್ಬಿಯ ಮೇಲೆ ಕೆಂಪು ಚೌಕ, ಅದರೊಳಗೆ ಎಚ್ಚರಿಕೆ. ಇದು ಶೆಡ್ಯೂಲ್ ಎಚ್‌1 ಪಟ್ಟಿಯ ಔಷಧ. 2014ರ ಮಾರ್ಚಿನಿಂದ ಈ ಪಟ್ಟಿಯ ಔಷಧಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಬರೆದುಕೊಟ್ಟ ಡಾಕ್ಟರ ಹೆಸರು, ರೋಗಿಯ ಹೆಸರು ಎಲ್ಲವನ್ನೂ ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನಮ್ಮ ಹೆಸರನ್ನು ಯಾರೂ ಕೇಳಲಿಲ್ಲ. ಅಂಗಡಿಯವರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ, ಆದರೆ ಚೀಟಿ ಇಲ್ಲದೆ ಹೋಗಿ "ಜಲ್ದಿ ಆರಾಮ ಆಗೋದು ಕೊಡ್ರಿ" ಎಂದು ಕೇಳಿದ್ದು ನಾವೇ ಅಲ್ವಾ?

ಎರಡನೆಯದು ಕೆಮ್ಮು ನೆಗಡಿಯ ಟಾನಿಕ್. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎಂಬ ಎರಡು ಔಷಧ ಸೇರಿದ್ದು. ಬಾಟಲಿಯ ಮೇಲೇ ಸಣ್ಣಕ್ಷರದಲ್ಲಿ ಬರೆದಿತ್ತು: ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು. ಮಗಳಿಗೆ ಎರಡೂವರೆ! ಹೋದ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಕಿಡ್ನಿ ಕೆಟ್ಟು ಸತ್ತ ಸುದ್ದಿ ಟಿವಿಯಲ್ಲಿ ಬಂದಾಗ ನಾವು ಊಟ ಬಿಟ್ಟು ನೋಡಿದ್ದೆವು. ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿತ್ತು. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ ಬೇಡವೇ ಬೇಡ, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಸರ್ಕಾರ ಆಗ ಹೇಳಿತ್ತು. ಮೂರು ತಿಂಗಳಾಗಿದೆ ಅಷ್ಟೇ. ಮರೆತೇ ಹೋಗಿತ್ತು.

ಸಂಜೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಹೊರಗೆ ಕೂತವರೆಲ್ಲ ಜಾತ್ರೆಯವರೇ. ಒಂದು ಕೂಸಿನ ಕೈಯಲ್ಲಿ ಇನ್ನೂ ಪೀಪಿ ಇತ್ತು.

ಡಾಕ್ಟರು ಸ್ಟೆತಸ್ಕೋಪ್ ಇಡುವ ಮೊದಲು ಮಗಳ ಅಂಗಿ ಮೇಲೆತ್ತಿ, ಕೈಗಡಿಯಾರ ನೋಡುತ್ತ ಸುಮ್ಮನೆ ಕೂತರು. ಒಂದು ನಿಮಿಷ, ಪೂರ್ತಿ. ನಾವು ಗಾಬರಿಯಾದೆವು, ಏನಾದರೂ ಕಂಡಿತೋ ಏನೋ ಎಂದು. "ಮೂವತ್ತೆರಡು" ಎಂದರು. ಉಸಿರು ಎಣಿಸಿದ್ದಂತೆ.

"ಇದನ್ನ ನೀವೂ ಮನ್ಯಾಗ ಮಾಡ್ರಿ ಮೇಡಂ. ಕೂಸು ಅಳಬಾರದು, ಹಾಲು ಕುಡೀತಿರಬಾರದು. ನಿದ್ದಿ ಮಾಡುವಾಗ ಹೊಟ್ಟಿ ಏರೋದು ಇಳಿಯೋದು ನೋಡಿ ಒಂದು ನಿಮಿಷ ಎಣಿಸ್ರಿ. ಒಂದರಿಂದ ಐದು ವರ್ಷದ ಮಕ್ಕಳಿಗೆ ನಲವತ್ತು ಇಲ್ಲಾ ಅದಕ್ಕಿಂತ ಜಾಸ್ತಿ ಬಂದ್ರ ನನ್ನ ಹತ್ರ ಬರ್ರಿ. ಎರಡು ತಿಂಗಳಿಂದ ವರ್ಷದೊಳಗಿನವಕ್ಕ ಐವತ್ತು. ಎರಡು ತಿಂಗಳೂ ತುಂಬದ ಕೂಸಿಗೆ ಅರವತ್ತು."

ಕಿವಿ ನೋಡಿದರು, ಗಂಟಲು ನೋಡಿದರು. ವೈರಲ್, ಅಂದರು. "ಜ್ವರ ಮೂರ್ನಾಕು ದಿನ, ನೆಗಡಿ ಒಂದು ವಾರ, ಕೆಮ್ಮು ಎರಡು ವಾರ ಎಳಿತೈತಿ. ಆಂಟಿಬಯೋಟಿಕ್ ಕೊಟ್ರೂ ಅಷ್ಟ ದಿನ, ಬಿಟ್ರೂ ಅಷ್ಟ ದಿನ." ಬರೆದದ್ದು ಎರಡೇ: ಜ್ವರಕ್ಕೆ ಪ್ಯಾರಾಸಿಟಮಾಲ್, ಮೂಗಿಗೆ ಉಪ್ಪುನೀರಿನ ಹನಿ. ಬಾಗಿಲ ತನಕ ಬಂದಮೇಲೆ ಮತ್ತೆ ಕರೆದು ಹೇಳಿದರು, ನೀರು ಕುಡಿಯದೆ ಇದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಜಗ್ಗಿದರೆ, ಕರೆದರೂ ಕಣ್ಣು ತೆರೆಯದಿದ್ದರೆ, ಫಿಟ್ಸ್ ಬಂದರೆ ಬೆಳಗಾಗುವ ತನಕ ಕಾಯಬೇಡಿ, ರಾತ್ರಿಯೇ ದವಾಖಾನೆಗೆ ಬನ್ನಿ.

ಪ್ಯಾರಾಸಿಟಮಾಲ್ ಲೆಕ್ಕ ಅಲ್ಲೇ ಕಲಿತೆ. ಒಂದು ಹೊತ್ತಿಗೆ ಕೆಜಿಗೆ 15 ಮಿಲಿಗ್ರಾಂ. ಮಗಳು 12 ಕೆಜಿ, ಅಂದರೆ 180. ಮನೆಯಲ್ಲಿ ಎರಡು ಬಾಟಲಿ ಇದ್ದವು. ಒಂದರ ಮೇಲೆ 5 ಎಂಎಲ್‌ಗೆ 120 ಮಿಲಿಗ್ರಾಂ, ಇನ್ನೊಂದರ ಮೇಲೆ 250. ಮೊದಲನೆಯದಾದರೆ ಏಳೂವರೆ ಎಂಎಲ್ ಬೇಕು, ಎರಡನೆಯದಾದರೆ ಮೂರೂವರೆ ಸಾಕು. ನಾನು ಎರಡನ್ನೂ ಅಡುಗೆಮನೆಯ ಸ್ಟೀಲ್ ಚಮಚದಲ್ಲಿ "ಒಂದು ಚಮಚ" ಎಂದು ಕೊಡುತ್ತಿದ್ದೆ. ಇನ್ನು ಸಣ್ಣ ಕೂಸುಗಳ ಡ್ರಾಪ್ಸ್ ಬರುತ್ತದಲ್ಲ, ಅದು ಒಂದೇ ಎಂಎಲ್‌ಗೆ 100. ಅದನ್ನು ಚಮಚದ ಲೆಕ್ಕದಲ್ಲಿ ಹಾಕಿದರೆ ಗತಿ ಏನು? ಈಗ ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳ ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಎರಡು ಡೋಸಿನ ನಡುವೆ ಆರು ತಾಸು.

ಅತ್ತೆಗೆ ಇದು ಸರಿಬರಲಿಲ್ಲ. ಇನ್ನೂರು ರೂಪಾಯಿ ಫೀಸು ಕೊಟ್ಟು ಉಪ್ಪುನೀರು ತಂದೆವು ಎಂದು ಓಣಿಯಲ್ಲೆಲ್ಲ ಹೇಳಿ ಬಂದರು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಸಲು ಹೊರಟಾಗ ಮಾತ್ರ ನಾನು ತಡೆದೆ, ಕರ್ಪೂರ ಸಣ್ಣ ಮಕ್ಕಳಿಗೆ ಒಳ್ಳೆಯದಲ್ಲ, ಬಾಯಿಗೆ ಹೋದರೆ ಫಿಟ್ಸ್ ಬರಬಹುದು. ಜೇನುತುಪ್ಪಕ್ಕೆ ಬೇಡ ಅನ್ನಲಿಲ್ಲ. ವರ್ಷ ತುಂಬಿದ ಮಕ್ಕಳಿಗೆ ಅದು ನಡೆಯುತ್ತದೆ, ಅದರೊಳಗಿನವರಿಗೆ ಮಾತ್ರ ನೆಕ್ಕಿಸಬಾರದು. ದೃಷ್ಟಿ ತೆಗೆದರು. ಅದಕ್ಕೆ ಸೈಡ್ ಎಫೆಕ್ಟ್ ಇಲ್ಲ.

ಶುಕ್ರವಾರದಿಂದ ಕಥೆ ಬೇರೆಯಾಯಿತು. ನಾದಿನಿಯ ಮಗನಿಗೂ ಎರಡು ದಿನದಿಂದ ಜ್ವರ ಇತ್ತು, ಮಗಳ ಹಾಗೇ ಇರಬೇಕು ಅಂದುಕೊಂಡಿದ್ದೆವು. ಆದರೆ ಹುಡುಗ ಮೂಲೆ ಹಿಡಿದಿದ್ದ. ಮಿರ್ಚಿ ಕಂಡರೆ ಬಿಡದವನು ತಿರುಗಿ ನೋಡಲಿಲ್ಲ. ನನಗೆ ಹೊಸದಾಗಿ ಹತ್ತಿದ ಚಟ, ಮಲಗಿದ್ದಾಗ ಅಂಗಿ ಎತ್ತಿ ಎಣಿಸಿದೆ. ಐವತ್ತು. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ನಲವತ್ತೊಂಬತ್ತು. ಕೈಕಾಲು ತಣ್ಣಗಾಯಿತು, ನನ್ನದು.

ಅದೇ ಡಾಕ್ಟರು, ಅದೇ ಗಡಿಯಾರ. ನಲವತ್ತೆಂಟು. ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದರು, 96. ಎದೆಯ ಬಲಗಡೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ನ್ಯುಮೋನಿಯಾ, ಈಗ ಶುರುವಾಗಿದೆ ಅಂದರು. ತಾಯಿ ಕಾರ್ಡ್ ಕೇಳಿದರು. ನ್ಯುಮೋನಿಯಾ ತಡೆಯಲು ಹಾಕುವ ನ್ಯುಮೋಕಾಕಸ್ ಲಸಿಕೆ ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಆಗಬೇಕು. ನಾದಿನಿ ಒಂಬತ್ತನೇ ತಿಂಗಳಿನದನ್ನು ತಪ್ಪಿಸಿದ್ದಳು. ಆಗ ಯಾವುದೋ ಮದುವೆ ಇತ್ತಂತೆ.

ಅವನಿಗೆ ಬರೆದದ್ದು ಅಮಾಕ್ಸಿಸಿಲಿನ್. ದಿನಕ್ಕೆ ಎರಡು ಸಲ, ಐದು ದಿನ, ಎರಡು ದಿನ ಬಿಟ್ಟು ತೋರಿಸಬೇಕು. ನಾನು ಚೀಟಿ ನೋಡುತ್ತ ನಿಂತೆ. ನ್ಯುಮೋನಿಯಾಕ್ಕೆ ಡಾಕ್ಟರು ಕೊಟ್ಟದ್ದು ಹಳೆಯ ಸಾದಾ ಔಷಧ. ನನ್ನ ಮಗಳ ನೆಗಡಿಗೆ ಅಂಗಡಿಯಲ್ಲಿ ಕೊಟ್ಟದ್ದು ಅದಕ್ಕಿಂತ ದೊಡ್ಡ ಔಷಧ. ಈ ಲೆಕ್ಕ ಎರಡು ದಿನದಿಂದ ತಲೆಯಲ್ಲಿ ಕೂತಿದೆ.

ಮನೆಗೆ ಬಂದರೆ ಅತ್ತೆಯ ಹೊಸ ತಕರಾರು. "ಇವಗ ಪವರಿನ ಎಣ್ಣಿ, ನಮ್ಮ ಕೂಸಿಗೆ ಉಪ್ಪುನೀರು. ಫೀಸ್ ಮಾತ್ರ ಇಬ್ಬರಿಗೂ ಒಂದ. ಇದ್ಯಾವ ನ್ಯಾಯಾನ?" ಮೊಮ್ಮಕ್ಕಳಲ್ಲಿ ಭೇದ ಮಾಡಿದರು ಎಂದು ಡಾಕ್ಟರ ಮೇಲೆ ನಿಜವಾಗಿಯೂ ಸಿಟ್ಟಾಗಿದ್ದರು. ಒಬ್ಬನಿಗೆ ಬ್ಯಾಕ್ಟೀರಿಯಾ, ಇನ್ನೊಬ್ಬಳಿಗೆ ವೈರಸ್ ಎಂದು ಹೇಳಿ ಉಪಯೋಗವಿಲ್ಲ. ಜೋಳಕ್ಕೆ ಹುಳ ಬಿದ್ದಾಗ ಹೊಡೆಯುವ ಎಣ್ಣೆಯನ್ನು ಮಳೆ ಬರಲಿಲ್ಲ ಅಂತ ಹೊಡೆದರೆ ಏನಾಗುತ್ತದೆ ಅತ್ತೀ, ಎಂದೆ. ಒಂದು ಕ್ಷಣ ಯೋಚಿಸಿದರು. "ಎಣ್ಣಿ ದುಡ್ಡು ಹೋಗತೈತಿ. ಹೊಲಾನೂ ಕೆಡತೈತಿ" ಎಂದು ಒಳಗೆ ಹೋದರು.

ಔಷಧ ಕಲಸುವಾಗಲೂ ಒಂದು ಅನಾಹುತ ತಪ್ಪಿತು. ಬಾಟಲಿಯಲ್ಲಿ ಪುಡಿ ಇರುತ್ತದೆ. ನಾದಿನಿ ಚಮಚಕ್ಕೆ ಸ್ವಲ್ಪ ಪುಡಿ ಸುರಿದು, ಎರಡು ಹನಿ ನೀರು ಹಾಕಿ ಬೆರಳಿನಿಂದ ತಿರುವುತ್ತಿದ್ದಳು. ಹಾಗೆ ಕೊಟ್ಟಿದ್ದರೆ ಎಷ್ಟು ಡೋಸ್ ಒಮ್ಮೆಗೇ ಹೋಗುತ್ತಿತ್ತೋ. ಕಾಸಿ ಆರಿಸಿದ ನೀರನ್ನು ಬಾಟಲಿಗೇ ಹಾಕಬೇಕು. ಮೊದಲು ಅರ್ಧ ಹಾಕಿ ಚೆನ್ನಾಗಿ ಅಲುಗಾಡಿಸಿ, ಆಮೇಲೆ ಗುರುತಿನ ತನಕ ತುಂಬಿಸಿ ಮತ್ತೆ ಅಲುಗಾಡಿಸಬೇಕು. ಕೊಡುವಾಗಲೂ ಪ್ರತಿ ಸಲ ಅಲುಗಾಡಿಸಬೇಕು, ಇಲ್ಲದಿದ್ದರೆ ಮೊದಲ ದಿನ ಬರೀ ನೀರು, ಕೊನೆಯ ದಿನ ಬರೀ ಗಸಿ.

ಇವತ್ತು ಬೆಳಿಗ್ಗೆ ತೋರಿಸಿಕೊಂಡು ಬಂದೆವು. ಜ್ವರ ಇಳಿದಿದೆ, ಎದೆ ಪರವಾಗಿಲ್ಲ ಅಂದರು. ಹುಡುಗ ಬಂದವನೇ ಸೈಕಲ್ ಹತ್ತಿದ. ನಿನ್ನೆಯಿಂದ ಎರಡು ಮೂರು ಸಲ ತೆಳ್ಳಗೆ ಹೊರಗೆ ಹೋಗಿದ್ದಾನೆ ಬೇರೆ. ಆಂಟಿಬಯೋಟಿಕ್ ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ, ಹಾಗಾಗಿ ಇಷ್ಟು ಆಗುವುದುಂಟು. ಒಂದು ಪೊಟ್ಟಣ ಓಆರ್‌ಎಸ್ ಅನ್ನು ಒಂದು ಲೀಟರ್ ನೀರಿಗೆ ಕಲಸಿಟ್ಟು ಆಗಾಗ ಕುಡಿಸುತ್ತಿದ್ದೇವೆ. ಮೈ ಮೇಲೆ ದದ್ದು ಎದ್ದರೆ ಮಾತ್ರ ತಡಮಾಡದೆ ಫೋನ್ ಮಾಡಿ ಎಂದಿದ್ದಾರೆ. ಆದರೆ ನಾದಿನಿಯದು ಒಂದೇ ಮಾತು. "ವೈನೀ, ಆರಾಮ ಆಗ್ಯಾನಲ್ರೀ, ಸುಮ್ನ ಯಾಕ ಹೊಟ್ಟಿ ಕೆಡಸೋದು? ಇನ್ನ ಬಿಡೋಣ."

ಆಗಸ್ಟಿನಲ್ಲಿ ನಾನೂ ಹೀಗೇ ಅಂದಿದ್ದೆ. ಅದಕ್ಕೆ ಅವಳಿಗೆ ಬಯ್ಯಲಿಲ್ಲ, ತರಗತಿಯಲ್ಲಿ ಹೇಳುವ ಕಥೆ ಹೇಳಿದೆ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರ ನೊಬೆಲ್ ಭಾಷಣದಲ್ಲಿ ಒಂದು ಕಲ್ಪಿತ ಸಂಸಾರದ ಕಥೆ ಹೇಳಿದ್ದರು. ಗಂಡನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ತಂದು ಅರೆಬರೆ ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯುವುದಿಲ್ಲ, ಔಷಧಕ್ಕೆ ಹೊಂದಿಕೊಳ್ಳುತ್ತದೆ. ಅದೇ ರೋಗಾಣು ಹೆಂಡತಿಗೆ ಹತ್ತಿ ನ್ಯುಮೋನಿಯಾ ಆಗುತ್ತದೆ. ಅವಳಿಗೆ ಪೆನಿಸಿಲಿನ್ ಕೊಟ್ಟರೂ ನಡೆಯುವುದಿಲ್ಲ, ಸಾಯುತ್ತಾಳೆ. ನಾದಿನಿ ಪೂರ್ತಿ ಕೇಳಿ, "ಅಂವ ಮಾಡಿದ್ದಕ್ಕ ಆಕಿ ಯಾಕ ಸಾಯಬೇಕ್ರೀ?" ಎಂದಳು. ಎಂಟನೇ ತರಗತಿಯಲ್ಲಿ ಯಾರೂ ಕೇಳಿರದ ಪ್ರಶ್ನೆ.

ಹತ್ತು ಡೋಸಿಗೆ ಹತ್ತು ಗೆರೆ ಎಂದು ಕ್ಯಾಲೆಂಡರಿನ ಮೇಲೆ ಬರೆಯಲು ಶುರು ಮಾಡಿದ್ದಾಳೆ. ಶುಕ್ರವಾರ ಸಂಜೆ ಒಂದು, ನಿನ್ನೆ ಎರಡು, ಇವತ್ತು ಎರಡು.

ನನ್ನ ಮಗಳಿಗೆ ನಿನ್ನೆ ರಾತ್ರಿಯಿಂದ ಜ್ವರ ಇಲ್ಲ. ಮೂಗು ಸೋರುವುದು ನಿಂತಿಲ್ಲ, ನನ್ನ ಸೀರೆಯ ಸೆರಗೇ ಸಾಕ್ಷಿ. ಫ್ರಿಜ್ಜಿನ ಅರ್ಧ ಬಾಟಲಿಯನ್ನು ಇವತ್ತು ಸಂಜೆ ಸೋಸಿದ ಚಹಾಪುಡಿಗೆ ಸುರಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದೆ. ಆ ಜಾಗದಲ್ಲಿ ಅತ್ತೆ ಆಗಲೇ ಶೇಂಗಾ ಚಟ್ನಿಯ ಡಬ್ಬಿ ತಂದಿಟ್ಟಿದ್ದಾರೆ.

ಈಗ ಹತ್ತೂಮುಕ್ಕಾಲು. ಇಬ್ಬರದೂ ಎಣಿಸಿ ಬಂದೆ. ಮಗಳದು 26. ಹುಡುಗನದು 32. ಹೊದಿಕೆ ಕಾಲಲ್ಲಿ ಒದ್ದಿದ್ದ, ಹೊದಿಸಿ ಬಂದೆ. ಇನ್ನು ಐದು ಗೆರೆ ಬಾಕಿ ಇವೆ.