ಅಜ್ಜಿಯ ಮುಖ ಯಾಕೆ ಕಾಣುವುದಿಲ್ಲ?

ಹಿಂದಿನ ದಿನವಷ್ಟೇ ನಮ್ಮ ಮೆಲ್ಬರ್ನ್ ಮನೆಯ ಪ್ಯಾಸೇಜಿಗೆ ಬೆಳಕಿನ ಕೊಳವೆ ಹಾಕಿಸಿದ್ದೆವು. ಕಿಟಕಿಯೇ ಇಲ್ಲದ ಜಾಗ ಅದು. ಹಗಲು ಹನ್ನೆರಡಕ್ಕೂ ಲೈಟು ಬೇಕಿತ್ತು. ಈಗ ಮಾಡಿನಿಂದ ಬಿಸಿಲೇ ಇಳಿದು ಬರುತ್ತದೆ. ಎಂಟು ವರ್ಷದ ಮಗಳಿಗೆ ಅದನ್ನು ಊರಿನವರಿಗೆ ತೋರಿಸುವ ಅವಸರ. ಆಗಸ್ಟಿನ ಆ ಭಾನುವಾರ ಫೋನು ಹಿಡಿದು ಅದರ ಕೆಳಗೇ ನಿಂತಳು.

ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ. ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಅವರ ಕನ್ನಡಕ, ಕೆನ್ನೆಯ ಬಿಳಿ ಗಡ್ಡ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಫೋನು ಅಡುಗೆಮನೆಗೆ ಹೋಯಿತು. ಅಮ್ಮ ಒಲೆಯ ಹತ್ತಿರ ಇದ್ದರು. ಸೀರೆಯ ಅಂಚು ಕಂಡಿತು, ಬಳೆ ಹೊಳೆಯಿತು, ಹಿಂದೆ ಕಪ್ಪು ಗೋಡೆ. ಅಷ್ಟೇ.

"ಅಜ್ಜಿ, ಲೈಟ್ ಹಾಕಿ. ನೀವು ಕಾಣ್ತಾ ಇಲ್ಲ."

"ಹಾಕಿಯೇ ಉಂಟು ಮಗಾ."

ಫೋನಿಟ್ಟ ಮೇಲೆ ಮಗಳು ನನ್ನನ್ನು ಕೇಳಿದಳು. "ಅಪ್ಪಾ, ಯಾವಾಗಲೂ ಅಜ್ಜನ ಮುಖ ಕಾಣ್ತದೆ. ಅಜ್ಜಿಯ ಮುಖ ಮಾತ್ರ ಯಾಕೆ ಕಾಣುವುದಿಲ್ಲ?"

ನನಗೆ ಉತ್ತರ ಗೊತ್ತಿತ್ತು. ಹೇಳಲು ಆಗಲಿಲ್ಲ. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಯಾಕೆಂದರೆ ಆ ಅಡುಗೆಮನೆಯನ್ನು ಕತ್ತಲೆ ಮಾಡಿದ್ದು ನಾನು ಕಳಿಸಿದ ದುಡ್ಡು.

ಮೊದಲು ಹಾಗಿರಲಿಲ್ಲ. ನಾನು ಚಿಕ್ಕವನಿದ್ದಾಗ ಅದು ಪೂರ್ತಿ ಹಂಚಿನ ಮನೆ. ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು. ಅಡುಗೆಮನೆಯ ಮಾಡಿನಲ್ಲಿ ಹಂಚುಗಳ ನಡುವೆ ಒಂದು ಕನ್ನಡಿ ಹಂಚು ಇತ್ತು. ಗಾಜಿನದ್ದು, ಆದರೆ ಆಕಾರ ಉಳಿದ ಹಂಚಿನದ್ದೇ. ಅದರಿಂದ ಒಂದು ಬಿಸಿಲಿನ ತುಂಡು ಒಳಗೆ ಬೀಳುತ್ತಿತ್ತು. ಬೆಳಿಗ್ಗೆ ಪಡುಗೋಡೆಯ ಮೇಲೆ ಇರುತ್ತಿತ್ತು. ಹನ್ನೊಂದಕ್ಕೆ ಅರೆಯುವ ಕಲ್ಲಿನ ಹತ್ತಿರ ಬರುತ್ತಿತ್ತು. ಮಧ್ಯಾಹ್ನ ನೆಲದ ನಡುವೆ, ಆಮೇಲೆ ನಿಧಾನಕ್ಕೆ ಮೂಡು ಬದಿಗೆ. ಅಮ್ಮ ಗಡಿಯಾರ ನೋಡುತ್ತಲೇ ಇರಲಿಲ್ಲ. "ಬಿಸಿಲು ಕಲ್ಲಿಗೆ ಬಂತು, ಗಂಜಿ ಬಸಿಯುವ ಹೊತ್ತಾಯಿತು" ಎನ್ನುತ್ತಿದ್ದರು. ಒಲೆಯ ಹೊಗೆ ಆ ಬೆಳಕಿನ ಕೋಲಿನಲ್ಲಿ ಸುತ್ತಿ ಸುತ್ತಿ ಮೇಲೇರುವುದನ್ನು ನಾನು ನೋಡುತ್ತಾ ಕೂರುತ್ತಿದ್ದೆ.

2012ರಲ್ಲಿ ಮನೆ ರಿಪೇರಿಗೆ ಎಂದು ದುಡ್ಡು ಕಳಿಸಿದೆ. ಮಾಡಿನ ಪಕಾಸುಗಳಿಗೆ ಗೆದ್ದಲು ಹಿಡಿದಿತ್ತು. ಹಿಂದಿನ ಅರ್ಧ ಭಾಗ, ಅಂದರೆ ಅಡುಗೆಮನೆ ಮತ್ತು ಉಗ್ರಾಣ, ಬಿಚ್ಚಿ ಸ್ಲಾಬು ಹಾಕುವುದು ಎಂದಾಯಿತು. ಸ್ಲಾಬಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು. ಮಳೆ ನೀರೂ ಇಳಿಯುವುದಿಲ್ಲ, ಅಡಿಕೆ ಹರವಲೂ ಜಾಗ ಆಗುತ್ತದೆ. ಫೋನಿನಲ್ಲೇ ಎಲ್ಲ ತೀರ್ಮಾನ. ಅಪ್ಪ, ನಾನು, ಮೇಸ್ತ್ರಿ ಮೂವರೂ ಮಾತಾಡಿದೆವು. ಮುಂದಿನ ಜಗಲಿಗೆ ಯಾವ ಟೈಲ್ಸ್ ಎಂದು ಮೂರು ದಿನ ಚರ್ಚೆ ನಡೆಯಿತು. ಅಡುಗೆಮನೆಯ ಬೆಳಕಿನ ಮಾತು ಒಮ್ಮೆಯೂ ಬರಲಿಲ್ಲ.

ನಮ್ಮ ಕಡೆಯ ಮನೆಗಳ ಜಾಗವೇ ಹಾಗೆ. ಗುಡ್ಡ ಕಡಿದು ಮನೆ ಕಟ್ಟುತ್ತೇವೆ. ಮುಂದೆ ಅಂಗಳ, ಕೆಳಗೆ ತೋಟ, ಹಿಂದೆ ಎತ್ತರದ ಬರೆ, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆ. ಅಡುಗೆಮನೆ ಯಾವಾಗಲೂ ಬರೆಯ ಬದಿಗೆ. ಇರುವ ಒಂದು ಕಿಟಕಿಯ ಹೊರಗೆ ಸೌದೆ ಕೊಟ್ಟಿಗೆ ಎಬ್ಬಿಸುತ್ತೇವೆ. ಕಾಸರಗೋಡಿನಲ್ಲಿ ಈಗ ಏಳುವ ಹೊಸ ಮನೆಗಳನ್ನು ನೋಡಿ, ಸಿಟೌಟಿಗೆ ಎಷ್ಟು ಗಾಳಿ, ಎಷ್ಟು ಬೆಳಕು! ಅರ್ಧ ಗಂಟೆ ಕೂತು ಹೋಗುವವರಿಗೆ ಅದೆಲ್ಲ. ದಿನಕ್ಕೆ ಏಳೆಂಟು ಗಂಟೆ ನಿಂತು ಕೆಲಸ ಮಾಡುವ ಜಾಗಕ್ಕೆ ಒಂದು ಟ್ಯೂಬ್‌ಲೈಟು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಬೆಳಿಗ್ಗೆ ಹತ್ತಕ್ಕೇ ಮೊಬೈಲ್ ಟಾರ್ಚು ಹಿಡಿದು ತರಕಾರಿ ಹೆಚ್ಚಬೇಕು. ಇದನ್ನು ನಾವು ತಪ್ಪು ಎಂದು ನೋಡಿಯೇ ಇಲ್ಲ. ನಾನೂ ನೋಡಿರಲಿಲ್ಲ.

ಇಲ್ಲಿ ಕೊಳವೆ ಹಾಕಲು ಬಂದವರು ಮಾಡಿನಿಂದ ಒಂದು ಹಂಚು ತೆಗೆದು ಕೆಳಗೆ ಕೊಟ್ಟರು. ಕೈಗೆ ತೆಗೆದುಕೊಂಡರೆ ಅದೇ ಆಕಾರ, ಅದೇ ಕೆಂಪು, ಒಂದಕ್ಕೊಂದು ಕಚ್ಚಿಕೊಳ್ಳುವ ಅದೇ ಅಂಚು. ಫ್ರಾನ್ಸಿನ ಮಾರ್ಸೆ ಎಂಬ ಬಂದರಿನ ಹೆಸರಿನ ಹಂಚು ಇದು. 19ನೇ ಶತಮಾನದ ಕೊನೆಗೆ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಬಂತು. ನಮ್ಮ ಹಂಚಿನ ಮೂಲವೂ ಆ ಮಾದರಿಯೇ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದರು. ಇಷ್ಟು ವರ್ಷ ನಾನು ಅದೇ ಹಂಚಿನ ಕೆಳಗೆ ಮಲಗುತ್ತಿದ್ದೆ, ಗೊತ್ತೇ ಇರಲಿಲ್ಲ. ಅದನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತೆ.

ಕೊಳವೆಯ ಕೆಲಸ ಎರಡು ಗಂಟೆಯಲ್ಲಿ ಮುಗಿಯಿತು. ಹಂಚಿನ ಜಾಗದಲ್ಲಿ ಒಂದು ತಗಡಿನ ಪಟ್ಟಿ, ಅದರ ಮೇಲೆ ಬೋಗುಣಿ ಕವುಚಿದ ಹಾಗೆ ಪಾರದರ್ಶಕ ಮುಚ್ಚಳ. ಅಲ್ಲಿಂದ ಸೀಲಿಂಗಿನವರೆಗೆ ಅಲ್ಯೂಮಿನಿಯಂ ಕೊಳವೆ. ಅದರ ಒಳಮೈ ಕನ್ನಡಿಗಿಂತ ಹೊಳಪು. ಒಳ್ಳೆಯ ಕೊಳವೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 98-99 ಪಾಲು ಹಿಂದಕ್ಕೆ ಎಸೆಯುತ್ತದೆ. ಹಾಗಾಗಿ ಬೆಳಕು ಪುಟಿಯುತ್ತಾ ಪುಟಿಯುತ್ತಾ ಕೆಳಗೆ ಬರುತ್ತದೆ. ಕೊನೆಗೆ ಸೀಲಿಂಗಿನಲ್ಲಿ ಒಂದು ಮಸುಕು ಬಿಲ್ಲೆ. ಅದು ಬೆಳಕನ್ನು ಕೋಣೆಗೆಲ್ಲ ಹರಡುತ್ತದೆ. ಕೊಳವೆ ನೇರವಾಗಿದ್ದಷ್ಟೂ ಒಳ್ಳೆಯದು. ಒಂದೊಂದು ತಿರುವಿಗೂ ಬೆಳಕು ಸೋರಿ ಹೋಗುತ್ತದೆ. ಬೇಕಾದ ಹಾಗೆ ಬಗ್ಗುವ, ಸುಕ್ಕು ಸುಕ್ಕಾದ ಕೊಳವೆಯೂ ಬರುತ್ತದೆ, ಅದರಲ್ಲಿ ನಷ್ಟ ಇನ್ನೂ ಜಾಸ್ತಿ. ಈಗಿನ ರೂಪದ ಈ ಕೊಳವೆ 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲೇ ತಯಾರಾದದ್ದು. ಜೂನ್ 21ರ ಸುಮಾರಿಗೆ ಮೆಲ್ಬರ್ನಿನ ಸೂರ್ಯ ಮಧ್ಯಾಹ್ನಕ್ಕೂ 29 ಡಿಗ್ರಿಗಿಂತ ಮೇಲೇರುವುದಿಲ್ಲ. ಇಂಥ ಓರೆ ಬಿಸಿಲನ್ನೂ ಬಿಡದೆ ಹಿಡಿದು ಮನೆಯೊಳಗೆ ತರುತ್ತಾರೆ. ನಮ್ಮೂರು 12.5 ಡಿಗ್ರಿ ಉತ್ತರದಲ್ಲಿ ಇದೆ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಅಲ್ಲಿ ನನ್ನ ಅಮ್ಮ ಕತ್ತಲೆಯಲ್ಲಿ.

ಡಿಸೆಂಬರಿನಲ್ಲಿ ಊರಿಗೆ ಹೋದೆವು. ಹೋದ ಮರುದಿನವೇ ಮಾತೆತ್ತಿದೆ.

"ಸ್ಲಾಬಿಗೆ ತೂತು ಹೊಡೆಯುವುದಾ?" ಅಪ್ಪ ಪೇಪರ್ ಮಡಚಿದರು. "ಮಳೆಗಾಲದಲ್ಲಿ ಎಂತ ಮಾಡುವುದು?"

ಅವರ ಹೆದರಿಕೆ ತಪ್ಪಲ್ಲ. ಮೆಲ್ಬರ್ನಿಗೆ ವರ್ಷಕ್ಕೆ 650 ಮಿಲಿಮೀಟರ್ ಸುತ್ತಮುತ್ತ ಮಳೆ. ನಮ್ಮಲ್ಲಿ 3000 ದಾಟುತ್ತದೆ. ಒಂದು ಸೂಜಿಯಷ್ಟು ಸಂದು ಇದ್ದರೂ ಸಾಕು, ನೀರು ದಾರಿ ಹುಡುಕುತ್ತದೆ.

ಅಮ್ಮ ಏನೂ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಕೇಳಿದೆ. "ಕತ್ತಲೆ ಆಗ್ತದೆ ಎಂದು ಆಗಲೇ ಯಾಕೆ ಹೇಳಲಿಲ್ಲ ಅಮ್ಮ?"

"ಕೇಳಿದರಲ್ಲವಾ ಹೇಳುವುದು" ಎಂದರು. ಸಿಟ್ಟಿನಿಂದ ಅಲ್ಲ. ಒಲೆಗೆ ಸೌದೆ ದೂಡುತ್ತಾ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಮೇಲೆ ಉಗ್ರಾಣದ ಮೂಲೆಯಲ್ಲಿ ಉಪ್ಪಿನಕಾಯಿ ಭರಣಿಗಳ ಹಿಂದಿನಿಂದ ಒಂದು ಗೋಣಿ ತುಂಡು ಎಳೆದು ತಂದರು. ಒಳಗೆ ನಮ್ಮ ಕನ್ನಡಿ ಹಂಚು. ಮಾಡು ಬಿಚ್ಚಿದ ದಿನ ಆಳುಗಳ ಕೈಯಿಂದ ಕೇಳಿ ಇಟ್ಟುಕೊಂಡಿದ್ದರಂತೆ. "ಒಡೆಯದ ಹಂಚನ್ನು ಬಿಸಾಡುವುದು ಹೇಗೆ?"

ನನಗೆ ಮಾತು ಹೊರಡಲಿಲ್ಲ.

ಉಪಾಯ ಹೊಳೆದದ್ದು ನನಗಲ್ಲ, ಶೀಟಿನ ಕೆಲಸ ಮಾಡಿದ್ದ ವೆಲ್ಡಿಂಗ್ ಚೇಟನಿಗೆ. ಶೀಟು, ಸ್ಲಾಬು ಎರಡನ್ನೂ ತೂತು ಮಾಡಿ ಒಂದೇ ಉದ್ದ ಕೊಳವೆ ಇಳಿಸುವುದು ನನ್ನ ಲೆಕ್ಕವಾಗಿತ್ತು. ಅವರು ಮೇಲೆ ಹತ್ತಿ ನೋಡಿ ತಲೆ ಅಲ್ಲಾಡಿಸಿದರು. ಅವರದ್ದು ಅರ್ಧ ಮಲಯಾಳ, ಅರ್ಧ ಕನ್ನಡ, ನಡುನಡುವೆ ತುಳು. ಶೀಟಿಗೆ ತೂತೇ ಬೇಡ ಎಂದರು. ಅಡಿಕೆ ಒಣಗಿಸುವ ಮಾಡಿಗೆ ಹಾಕುತ್ತೇವಲ್ಲ, ಬೆಳಕು ದಾಟುವ ಪಾಲಿಕಾರ್ಬೊನೇಟ್ ಶೀಟು, ಅಡುಗೆಮನೆಯ ನೇರಕ್ಕೆ ಅಂಥದ್ದನ್ನು ಹಾಕುವುದು. ಕೊಳವೆಯ ಮುಚ್ಚಳ ಅದರ ಕೆಳಗೆ, ಸ್ಲಾಬಿನ ಮೇಲೆ ಕೂರುತ್ತದೆ. ಮಳೆ ಅದನ್ನು ಮುಟ್ಟುವುದೇ ಇಲ್ಲ.

ಅಪ್ಪ ಒಪ್ಪಿದ್ದು ಆಗ. ನಾನು ಹೊರಗಿನಿಂದ ತಂದ ವಿದ್ಯೆಗಿಂತ ಚೇಟನ ಈ ಮಾತು ಹತ್ತು ಪಾಲು ಮೇಲು ಎಂದು ನನಗೆ ಅನಿಸಿತು. ಎರಡು ಶೀಟು ಬದಲಾಯಿಸಿದೆವು, ಓರೆ ಬಿಸಿಲೂ ಸಿಗಲಿ ಎಂದು. ಶೀಟು ಸ್ವಲ್ಪ ಬೆಳಕು ತಿನ್ನುತ್ತದೆ, ಅದು ನಿಜ. ಅದಕ್ಕೇ 250 ಮಿಲಿಮೀಟರಿನ ಬದಲು 350ರ ಕೊಳವೆ ತರಿಸಿದೆವು. ನೂರು ಮಿಲಿಮೀಟರ್ ಜಾಸ್ತಿ ಅಷ್ಟೇ, ಆದರೆ ಬೆಳಕು ನುಗ್ಗುವ ಬಾಯಿ ಹೆಚ್ಚುಕಡಿಮೆ ಎರಡರಷ್ಟು. ಬೆಂಗಳೂರಿನಿಂದ ಬರಲು ಒಂದು ವಾರ ಹಿಡಿಯಿತು.

ಸ್ಲಾಬಿಗೆ ಕೈಹಾಕುವ ಮೊದಲು ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಊರಿನಲ್ಲಿ ಯಾರಾದರೂ ಮಾಡಿಸುವುದಿದ್ದರೆ ಇದನ್ನು ಮಾತ್ರ ತಪ್ಪಿಸಬೇಡಿ. ಬೀಮು ಎಲ್ಲಿ, ಸರಳು ಹೇಗೆ ಹೋಗಿದೆ ಎಂದು ನೋಡದೆ ತೂತು ಹೊಡೆಯಬಾರದು. ಅವರು ಗುರುತು ಹಾಕಿಕೊಟ್ಟ ಕಡೆ ಮೆಷಿನ್ನಿನಲ್ಲಿ ಕೊರೆದರು, ಸುತ್ತಿಗೆ ಮುಟ್ಟಲಿಲ್ಲ. ತೂತಿನ ಸುತ್ತ ಆರಿಂಚಿನ ಸಿಮೆಂಟು ಕಟ್ಟೆ ಕಟ್ಟಿದೆವು, ಇರಚಲು ನೀರು ಬಂದರೂ ಒಳಗೆ ಇಳಿಯದ ಹಾಗೆ.

ಮುಚ್ಚಳ ಕೂರಿಸಿದಾಗ ಹನ್ನೆರಡು ಗಂಟೆ ಹತ್ತಿರ. ಕೆಳಗೆ ಬಿಲ್ಲೆ ಸಿಕ್ಕಿಸಿ ಚೇಟ ಏಣಿಯಿಂದ ಇಳಿದರು. "ನಲ್ಲ ವೆಳಿಚ್ಚಂ" ಎಂದರು, ಒಳ್ಳೆಯ ಬೆಳಕು ಎಂದು. ಬಾಗಿಲಲ್ಲಿ ನಿಂತಿದ್ದ ಕೆಲಸದ ಅಕ್ಕ "ಏತ್ ಬೊಲ್ಪು!" ಎಂದರು, ತುಳುವಿನಲ್ಲಿ ಎಷ್ಟು ಬೆಳಕು ಎಂದು. ಮಗಳು ಎರಡೂ ಶಬ್ದ ಕಲಿತು ದಿನವಿಡೀ ಹೇಳುತ್ತಾ ತಿರುಗಿದಳು.

ಅಮ್ಮ ಖುಷಿಪಡುತ್ತಾರೆ ಎಂದು ಕಾದಿದ್ದೆ. ಅವರು ಗೋಡೆ ನೋಡುತ್ತಾ ನಿಂತುಬಿಟ್ಟರು. ಒಲೆಯ ಮೇಲಿನ ಗೋಡೆಗೆ ಮಸಿ ಹಿಡಿದು ಟಾರಿನ ಹಾಗಾಗಿತ್ತು. ಕಪಾಟಿನ ಮೇಲೆ ಜೇಡರ ಬಲೆ. ಡಬ್ಬಿಗಳ ಮೈಗೆಲ್ಲ ಜಿಡ್ಡು.

"ಇಷ್ಟು ಮಸಿ ಇತ್ತಾ?" ಎಂದರು ಮೆಲ್ಲಗೆ. "ಇಷ್ಟು ವರ್ಷ ಇದರಲ್ಲೇ ಅಡುಗೆ ಮಾಡಿದ್ದಾ ನಾನು? ಬಂದವರು ಎಂತ ಎಣಿಸಿಕೊಂಡರೋ."

ಕಾಣದ್ದಕ್ಕೆ ಅವರೇನು ಮಾಡಬೇಕಿತ್ತು? ಆದರೂ ನಾಚಿಕೆಪಟ್ಟವರು ಅವರು. ನಾಚಿಕೆಪಡಬೇಕಾದವರು ಆಚೆ ನಿಂತಿದ್ದೆವು, ನಾನು ಮತ್ತು ಅಪ್ಪ. ಆ ಗಳಿಗೆ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮರುದಿನ ಬೆಳಿಗ್ಗೆ ಎದ್ದಾಗ ಅಪ್ಪ ಜಗಲಿಯಲ್ಲಿ ಇರಲಿಲ್ಲ. ಪೇಪರ್ ಮಡಚಿದ ಹಾಗೇ ಇತ್ತು. ಅಡುಗೆಮನೆಯಲ್ಲಿ ಬೈರಾಸು ತಲೆಗೆ ಸುತ್ತಿ ತೆಂಗಿನ ನಾರಿನಿಂದ ಗೋಡೆ ಉಜ್ಜುತ್ತಿದ್ದರು. ಪಕ್ಕದಲ್ಲಿ ಬಕೆಟಿನಲ್ಲಿ ಸುಣ್ಣ ಕಲಸಿಟ್ಟಿತ್ತು. 74 ವರ್ಷ ಅವರಿಗೆ. ಯಾರ ಹತ್ತಿರವೂ ಏನೂ ಹೇಳಲಿಲ್ಲ. ನಾನೂ ಒಂದು ಕುಂಚ ಹಿಡಿದೆ. ಬಿಳಿ ಗೋಡೆ ಬಂದ ಮೇಲೆ ಕೋಣೆಗೆ ಇನ್ನಷ್ಟು ಬೆಳಕು ಬಂತು. ಆ ದಿನ ಅಡುಗೆಮನೆಯ ನೆಲದಲ್ಲೇ ಎಲ್ಲರೂ ಊಟಕ್ಕೆ ಕೂತೆವು.

ಕೊಳವೆ ಪವಾಡವೇನೂ ಮಾಡುವುದಿಲ್ಲ. ರಾತ್ರಿಗೆ ಲೈಟು ಬೇಕೇ ಬೇಕು. ಮೋಡದ ದಿನ ಬೆಳಕು ಇಳಿಯುತ್ತದೆ, ಆದರೆ ಪಾತ್ರೆ, ಕತ್ತಿ, ಬೆರಳು ಕಾಣುವಷ್ಟು ಇರುತ್ತದೆ. ಮೇಲಿನ ಶೀಟಿಗೆ ಪಾಚಿ ಹಿಡಿಯುತ್ತದೆ, ವರ್ಷಕ್ಕೊಮ್ಮೆ ತೊಳೆಯಬೇಕು. ಇಷ್ಟು ದುಡ್ಡು ಹಾಕಲು ಆಗದವರಿಗೂ ದಾರಿ ಉಂಟು. ಬ್ರೆಜಿಲ್‌ನ ಆಲ್ಫ್ರೆಡೊ ಮೋಸರ್ ಎಂಬ ಮೆಕ್ಯಾನಿಕ್ 2002ರಲ್ಲಿ ಕರೆಂಟು ಕೈಕೊಟ್ಟ ಕಾಲದಲ್ಲಿ ಕಂಡುಕೊಂಡದ್ದು. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಪಾಚಿ ಬೆಳೆಯದ ಹಾಗೆ ಎರಡು ಮುಚ್ಚಳ ಬ್ಲೀಚು ಹಾಕಿ, ಶೀಟಿನ ತೂತಿನಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಕೂರಿಸುವುದು. ಹಗಲಿನಲ್ಲಿ 40ರಿಂದ 60 ವ್ಯಾಟ್ ಬಲ್ಬಿನಷ್ಟು ಬೆಳಕು ಕೊಡುತ್ತದೆ. ನಮ್ಮ ದನದ ಹಟ್ಟಿಗೆ ಅಂಥ ಎರಡನ್ನು ನಾನೂ ಮಗಳೂ ಸೇರಿ ಹಾಕಿದೆವು. ಹಂಚಿನ ಮನೆ ಇನ್ನೂ ಇರುವವರಿಗಂತೂ ಅದೂ ಬೇಡ. ಒಂದು ಕನ್ನಡಿ ಹಂಚು ಸಾಕು.

ನಮ್ಮ ಹಳೆಯ ಕನ್ನಡಿ ಹಂಚು ಈಗ ಬಚ್ಚಲಿನ ಮಾಡಿನಲ್ಲಿದೆ. ಅಲ್ಲಿ ಇನ್ನೂ ಹಂಚೇ ಇರುವುದು. ಅಮ್ಮ ಹುಣಿಸೆ ಹುಳಿ ಹಾಕಿ ಉಜ್ಜಿ ಕೊಟ್ಟರು, ನಾನೇ ಹತ್ತಿ ಇಟ್ಟೆ.

ಫೆಬ್ರವರಿಯಲ್ಲಿ ಒಂದು ಭಾನುವಾರ ಮಗಳು ಎಂದಿನ ಹೊತ್ತಿಗೇ ಫೋನು ಮಾಡಿದಳು. ಊರಿನಲ್ಲಿ ಆಗ ಬೆಳಿಗ್ಗೆ ಎಂಟೂವರೆ. ಅಮ್ಮ ಒಲೆಯ ಹತ್ತಿರ ಇದ್ದರು. ಹಣೆಯ ಕುಂಕುಮ ಕಾಣುತ್ತಿತ್ತು, ಮೂಗುತಿ ಕಾಣುತ್ತಿತ್ತು. ಕಣ್ಣಿನ ಕೆಳಗೆ ಇಷ್ಟೊಂದು ಸುಕ್ಕು ಯಾವಾಗ ಬಂತು ಎಂದು ನನಗೆ ಗೊತ್ತೇ ಇರಲಿಲ್ಲ. ಎಲ್ಲ ಕ್ಷೇಮ ಸಮಾಚಾರ ಆಯಿತು. ಇಡುವಾಗ ಅಮ್ಮ ಹೇಳಿದರು.

"ಮಗಾ, ಇನ್ನು ಇಷ್ಟು ಬೇಗ ಮಾಡಬೇಡ. ಇಲ್ಲಿಯ ಹನ್ನೆರಡು ಗಂಟೆಗೆ ಮಾಡು ಆಯ್ತಾ? ಆಗ ನಾನು ಇನ್ನೂ ಚಂದ ಕಾಣ್ತೇನೆ."

ಇಲ್ಲಿಗೆ ಅದು ಸಂಜೆ ಐದೂವರೆ. ಮಗಳು ಅದನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.