ಕರಾಟೆ ಕ್ಲಾಸಿನಲ್ಲಿ ಊರಿದ ಕಾಲಿನ ಮೇಲೂ ಕಣ್ಣಿರಲಿ

ಮವಾಶಿ ಗೇರಿ, ಅಂದರೆ ಸೊಂಟ ತಿರುಗಿಸಿ ಪಕ್ಕದಿಂದ ಬೀಸುವ ಕಿಕ್, ಕಲಿಸುವಾಗ ಎಲ್ಲರ ಕಣ್ಣೂ ಮೇಲೆದ್ದ ಕಾಲಿನ ಮೇಲಿರುತ್ತದೆ. ಆದರೆ ತಿರುಚಿಕೊಂಡು ಕೆಡುವುದು ನೆಲಕ್ಕೂರಿದ ಕಾಲಿನ ಮೊಣಕಾಲು. ಕಿಕ್ ಜೊತೆ ಸೊಂಟ ತಿರುಗುತ್ತದೆ, ಊರಿದ ಪಾದವೂ ಅದರೊಟ್ಟಿಗೇ ತಿರುಗಬೇಕು. ಕಿಕ್ ಗುರಿ ಮುಟ್ಟುವ ಹೊತ್ತಿಗೆ ಹಿಮ್ಮಡಿ ಹೆಚ್ಚುಕಡಿಮೆ ಎದುರಾಳಿಯ ಕಡೆ ಬಂದಿರಬೇಕು. ಪಾದ ಅಲ್ಲೇ ಅಂಟಿಕೊಂಡು ಸೊಂಟ ಮಾತ್ರ ತಿರುಗಿದರೆ ಅಷ್ಟೂ ಒತ್ತಡ ಮೊಣಕಾಲಿನ ಲಿಗಮೆಂಟ್, ಮೆನಿಸ್ಕಸ್ (ಕೀಲಿನೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಮೇಲೆ ಬೀಳುತ್ತದೆ.

ಹಾಗಾಗಿ ಹೊಸಬರಿಗೆ ಎತ್ತರದ ಕಿಕ್ ಹೇಳಿಕೊಡುವ ಅವಸರ ಬೇಡ. ಗೋಡೆ ಹಿಡಿದು, ಒಂದು ಮೊಣಕಾಲು ಎತ್ತಿ, ಊರಿದ ಕಾಲಿನ ಹಿಮ್ಮಡಿಯನ್ನು ತುಸುವೇ ಹಗುರ ಮಾಡಿ, ಪಾದದ ಮುಂಭಾಗದ ಮೇಲೆ ತಿರುಗುವುದನ್ನಷ್ಟೇ ಕಾಲಿಗೆ 10 ಸಲದಂತೆ ಮಾಡಿಸಿ. ತಿರುಗುವುದು ರೂಢಿಯಾದ ಮೇಲೆ ಕಿಕ್, ಅದೂ ಸೊಂಟದ ಎತ್ತರಕ್ಕೆ. ಮ್ಯಾಟನ್ನೂ ನೋಡಿಕೊಳ್ಳಿ. ತೀರಾ ಮೆತ್ತಗಿದ್ದರೆ ಪಾದ ಹೂತು ತಿರುಗುವುದೇ ಇಲ್ಲ. ಜೋಡಣೆ ಬಿಟ್ಟಿದ್ದರೆ ಕಾಲ್ಬೆರಳು ಸಂದಿಗೆ ಸಿಕ್ಕಿಕೊಳ್ಳುತ್ತದೆ. ಬೆವರು ಬಿದ್ದ ಜಾಗವನ್ನು ಆಗಲೇ ಒರೆಸಬೇಕು, ಕ್ಲಾಸ್ ಮುಗಿಯಲಿ ಎಂದು ಕಾಯಬಾರದು.

ಜೆಂಕುತ್ಸು ದಾಚಿಯಲ್ಲೂ, ಅಂದರೆ ಒಂದು ಕಾಲು ಮುಂದಿಟ್ಟು ಅದರ ಮೊಣಕಾಲು ಬಾಗಿಸಿ ನಿಲ್ಲುವ ಸ್ಟ್ಯಾನ್ಸ್‌ನಲ್ಲೂ, ಇದೇ ಎಚ್ಚರ. ಮುಂದಿನ ಮೊಣಕಾಲು ಕಾಲ್ಬೆರಳುಗಳ ದಿಕ್ಕಿಗೇ ಇರಲಿ. ಸುಸ್ತಾದಾಗ ಅದು ಒಳಕ್ಕೆ ವಾಲುತ್ತದೆ. ವಾಲಿದ್ದು ಕಂಡರೆ ಸ್ಟ್ಯಾನ್ಸ್ ಎತ್ತರಿಸಿ, ಎಣಿಕೆ ಮುಗಿಸಲೇಬೇಕೆಂದು ಹಟ ಹಿಡಿಯಬೇಡಿ.

ಗಾಳಿಯಲ್ಲಿ ಪಂಚ್ ಮಾಡುವಾಗ ತಡೆಯಲು ಪ್ಯಾಡ್ ಇರುವುದಿಲ್ಲ, ಕೈಯನ್ನು ಸ್ನಾಯುವೇ ಹಿಡಿದು ನಿಲ್ಲಿಸಬೇಕು. ಮೊಣಕೈ ಪೂರ್ತಿ ನೆಟ್ಟಗಾಗುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸದಿದ್ದರೆ ಪ್ರತಿ ಪಂಚ್‌ಗೂ ಕೀಲು ಬಡಿಸಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಮೊಣಕೈ ಹಿಂಭಾಗದ ನೋವು ಶುರುವಾಗುವುದು ಹೀಗೆ.

ಮುಷ್ಟಿಯನ್ನು ಒಬ್ಬೊಬ್ಬರದೂ ಮುಟ್ಟಿ ನೋಡಿ. ಬೆರಳುಗಳನ್ನು ತುದಿಯಿಂದ ಸುರುಳಿಯಾಗಿ ಮಡಚಿ, ಹೆಬ್ಬೆರಳನ್ನು ಹೊರಗಿನಿಂದ ತೋರುಬೆರಳು, ನಡುಬೆರಳಿನ ಮೇಲೆ ಬಿಗಿಯಾಗಿ ಒತ್ತಬೇಕು. ಹೆಬ್ಬೆರಳನ್ನು ಒಳಗಿಟ್ಟು ಗುದ್ದಿದರೆ ಮುರಿಯುವುದು ಅದೇ. ಏಟು ತಗಲಬೇಕಾದದ್ದು ಮೊದಲೆರಡು ಗೆಣ್ಣುಗಳಿಗೆ, ಮಣಿಕಟ್ಟು ಮುಂಗೈಯ ನೇರಕ್ಕೆ. ಕಿರುಬೆರಳಿನ ಗೆಣ್ಣಿಗೆ ತಗಲಿದರೆ ಅದರ ಹಿಂದಿನ ತೆಳು ಮೂಳೆ ಮುರಿಯುತ್ತದೆ. ಬೆಳೆಯುವ ಮಕ್ಕಳಿಗೆ ಮಕಿವಾರ (ಗುದ್ದಿ ಅಭ್ಯಾಸ ಮಾಡುವ ಹಲಗೆ) ಬೇಡವೇ ಬೇಡ. ಅವರ ಮೂಳೆಯ ತುದಿಗಳಲ್ಲಿ ಬೆಳವಣಿಗೆಯ ಮೃದು ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ.

ಕುಮಿತೆಯಲ್ಲಿ, ಅಂದರೆ ಇಬ್ಬರು ಎದುರುಬದುರಾಗಿ ಮಾಡುವ ಕಾದಾಟದ ಅಭ್ಯಾಸದಲ್ಲಿ, ಏಟು ಬೀಳುವುದು ಬಹುಮಟ್ಟಿಗೆ ಅಂತರ ತಪ್ಪಿದಾಗ. ಇಬ್ಬರೂ ಒಂದೇ ಕ್ಷಣದಲ್ಲಿ ಮುಂದೆ ನುಗ್ಗಿದರೆ ಮುಖದ ಮುಂದೆ ನಿಲ್ಲಬೇಕಾದ ಪಂಚ್ ಮುಖಕ್ಕೇ ಬೀಳುತ್ತದೆ, ಹೊಡೆದವರ ಕಂಟ್ರೋಲ್ ಎಷ್ಟೇ ಚೆನ್ನಾಗಿರಲಿ. ಅದಕ್ಕೇ ಮೊದಲು ಒಬ್ಬರು ಹೊಡೆಯುವುದು, ಇನ್ನೊಬ್ಬರು ತಡೆಯುವುದು ಎಂದು ಗೊತ್ತು ಮಾಡಿ ಅಭ್ಯಾಸ ಮಾಡಿಸಬೇಕು. ಜೋಡಿ ಹಾಕುವಾಗ ಬೆಲ್ಟಿನ ಬಣ್ಣದಷ್ಟೇ ತೂಕ, ಎತ್ತರವೂ ಮುಖ್ಯ. 'ಯಾಮೆ' (ನಿಲ್ಲಿಸಿ) ಎಂದು ಕೂಗಿದ ಕೂಡಲೇ ಅಲ್ಲೇ ನಿಲ್ಲಬೇಕು. ಕೈಯಲ್ಲಿದ್ದ ಪಂಚ್ ಮುಗಿಸಿ ನಿಲ್ಲುವವರನ್ನು ಆ ದಿನ ಕುಮಿತೆಯಿಂದ ಹೊರಗಿಡುವುದೇ ಸರಿ. ಉಂಗುರ, ಓಲೆ ತೆಗೆಸಿ. ಕಾಲುಗುರನ್ನೂ ನೋಡಿ, ಅದನ್ನು ಮರೆಯುವವರೇ ಜಾಸ್ತಿ.

ತಲೆಗೆ ಬಿದ್ದ ಏಟಿನ ವಿಷಯದಲ್ಲಿ ರಾಜಿ ಬೇಡ. ಹೆಡ್‌ಗಾರ್ಡ್ ಚರ್ಮ ಸೀಳದಂತೆ ಕಾಯುತ್ತದೆ, ಒಳಗೆ ಮೆದುಳು ಅಲುಗುವುದನ್ನು ತಡೆಯಲಾರದು. ತಲೆನೋವು, ತಲೆಸುತ್ತು, ಮಂಕು, ಕೇಳಿದ್ದಕ್ಕೆ ತಡವಾದ ಉತ್ತರ, ಇವುಗಳಲ್ಲಿ ಒಂದು ಕಂಡರೂ ಆ ದಿನದ ಅಭ್ಯಾಸ ಮುಗಿಯಿತು. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ತಲೆನೋವು ಏರುತ್ತಲೇ ಹೋದರೆ, ಕೈಕಾಲು ಬಲ ಕಳೆದುಕೊಂಡರೆ ಕೂಡಲೇ ಆಸ್ಪತ್ರೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಕ್ರೀಡಾ ವೈದ್ಯರ ಒಮ್ಮತವೂ ಇದೇ: ಮೊದಲ 24ರಿಂದ 48 ಗಂಟೆ ಲಘು ಓಡಾಟವಷ್ಟೇ, ಆಮೇಲೆ ಹಂತ ಹಂತವಾಗಿ ವ್ಯಾಯಾಮ. ತಲೆಗೆ ಏಟು ಬೀಳುವ ಸಾಧ್ಯತೆಯಿರುವ ಅಭ್ಯಾಸಕ್ಕೆ ಮರಳುವುದು ಲಕ್ಷಣಗಳೆಲ್ಲ ಹೋಗಿ, ವೈದ್ಯರು ಒಪ್ಪಿದ ಮೇಲೆಯೇ.

ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಒರಗಿಸಬೇಡಿ, ರಕ್ತ ಗಂಟಲಿಗಿಳಿಯುತ್ತದೆ. ಮುಂದಕ್ಕೆ ಬಾಗಿಸಿ, ಮೂಗಿನ ಮೃದು ಭಾಗವನ್ನು 10ರಿಂದ 15 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ದೊಡ್ಡವರ ಶಾಶ್ವತ ಹಲ್ಲು ಬುಡಸಮೇತ ಕಳಚಿದರೆ ಬೇರನ್ನು ಮುಟ್ಟದೆ ಬಿಳಿ ಭಾಗದಲ್ಲಿ ಹಿಡಿದೆತ್ತಿ, ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ದಂತವೈದ್ಯರನ್ನು ತಲುಪಿದರೆ ಮತ್ತೆ ಕೂರಿಸುವ ಅವಕಾಶ ಚೆನ್ನಾಗಿರುತ್ತದೆ.