ಎಡಿಂಗ್ಟನ್: ಶಾಲೆ ಮೊದಲು, ಮನೆ ಆಮೇಲೆ

ಕೇಂಬ್ರಿಡ್ಜ್‌ಗೆ ಹೋದವರು ಕಿಂಗ್ಸ್ ಕಾಲೇಜಿನ ಚಾಪೆಲ್ ನೋಡಿ, ಕ್ಯಾಮ್ ನದಿಯಲ್ಲಿ ದೋಣಿ ಹತ್ತಿ, ಟ್ರಿನಿಟಿ ಕಾಲೇಜಿನ ಬಾಗಿಲ ಪಕ್ಕದಲ್ಲಿ ನ್ಯೂಟನ್ನನ ನೆನಪಿಗಿರುವ ಸೇಬಿನ ಗಿಡದ ಮುಂದೆ ಫೋಟೊ ತೆಗೆಸಿಕೊಂಡು ಸಂಜೆಯ ರೈಲಿಗೆ ಲಂಡನ್ನಿಗೆ ವಾಪಸಾಗುವುದು ವಾಡಿಕೆ. ನಾವು ಅಷ್ಟನ್ನೂ ಮಧ್ಯಾಹ್ನದೊಳಗೆ ಮುಗಿಸಿ ‘ಯು’ ಬಸ್ ಹತ್ತಿ ಊರಿನ ವಾಯವ್ಯಕ್ಕೆ ಹೊರಟೆವು. ಧಾರವಾಡದ ಗೆಳತಿಯೊಬ್ಬಳು ಇಲ್ಲಿ, ಪಿಎಚ್.ಡಿ. ಮುಗಿಸಿ ಕರಾರಿನ ಮೇಲೆ ಸಂಶೋಧನೆ ಮಾಡುವ ಪೋಸ್ಟ್‌ಡಾಕ್. ಅವಳಿರುವುದು ಎಡಿಂಗ್ಟನ್ ಎಂಬ ಹೊಸ ಬಡಾವಣೆಯಲ್ಲಿ. 2013ರಲ್ಲಿ ಯೋಜನೆಗೆ ಒಪ್ಪಿಗೆ ಸಿಗುವವರೆಗೂ ಅದು ವಿಶ್ವವಿದ್ಯಾಲಯದ ಹೊಲ.

ಆ ಹೆಸರು ಕೇಳಿದರೆ ನಮ್ಮವರಿಗೆ ಸ್ವಲ್ಪ ಮುನಿಸು ಬಂದರೆ ಆಶ್ಚರ್ಯವಿಲ್ಲ. 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯ ಸಭೆಯಲ್ಲಿ, ಇಪ್ಪತ್ತನಾಲ್ಕರ ಹರೆಯದ ನಮ್ಮ ಎಸ್. ಚಂದ್ರಶೇಖರ್ ನಕ್ಷತ್ರಗಳ ಕೊನೆಗಾಲದ ಬಗ್ಗೆ ಮಂಡಿಸಿದ ಲೆಕ್ಕವನ್ನು ಎಲ್ಲರೆದುರು ಗೇಲಿ ಮಾಡಿದ್ದು ಇದೇ ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್. ಅದೇ ಕೆಲಸವೂ ಸೇರಿ ಚಂದ್ರಶೇಖರ್‌ಗೆ ನೊಬೆಲ್ ಬಂದದ್ದು 1983ರಲ್ಲಿ. ಆದರೆ ಕೇಂಬ್ರಿಡ್ಜಿನವರಿಗೆ ಆತ 1919ರ ಸೂರ್ಯಗ್ರಹಣದಲ್ಲಿ ಐನ್‌ಸ್ಟೈನರ ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡಿದ ದೊಡ್ಡ ಮನುಷ್ಯ. ಇಲ್ಲೇ ಹತ್ತಿರದ ಮ್ಯಾಡಿಂಗ್ಲಿ ರಸ್ತೆಯ ವೀಕ್ಷಣಾಲಯದಲ್ಲಿ ದಶಕಗಟ್ಟಲೆ ಬಾಳಿದವನು. ಇರಲಿ, ಊರು ಅವರದು, ಹೆಸರೂ ಅವರದು.

ಬಸ್ಸಿಳಿದ ಕೂಡಲೇ ಕಣ್ಣಿಗೆ ಬಿದ್ದದ್ದು ಮಾಸಲು ಹಳದಿ ಇಟ್ಟಿಗೆಯ ಕಟ್ಟಡಗಳು, ಒಂದು ಚೌಕ, ಒಂದು ಸೂಪರ್ ಮಾರ್ಕೆಟ್, ಮತ್ತೆ ಎಲ್ಲೆಲ್ಲೂ ಸೈಕಲ್. ಈ ಊರು ಹುಟ್ಟಿದ್ದೇ ಒಂದು ಇಕ್ಕಟ್ಟಿನಿಂದ. ಕೇಂಬ್ರಿಡ್ಜಿನಲ್ಲಿ ಕಂಪನಿಗಳೂ ಪ್ರಯೋಗಾಲಯಗಳೂ ಹೆಚ್ಚಿದಂತೆ ಬಾಡಿಗೆ ಗಗನಕ್ಕೇರಿ, ಕಿರಿಯ ಸಂಶೋಧಕರಿಗೆ ಊರೊಳಗೆ ಮನೆ ಸಿಗದಾಯಿತು. ಒಳ್ಳೆಯವರನ್ನು ಕರೆದರೂ ಬಂದವರು ನಿಲ್ಲುವುದೆಲ್ಲಿ? ವಿಶ್ವವಿದ್ಯಾಲಯ ತನ್ನ 150 ಹೆಕ್ಟೇರ್ ಜಾಗಕ್ಕೆ ನಕ್ಷೆ ಬರೆಸಿತು: 3,000 ಮನೆ, ಅದರಲ್ಲಿ ಅರ್ಧ ಸಿಬ್ಬಂದಿಗೆ ಕೈಗೆಟಕುವ ಬಾಡಿಗೆಗೆ, ಉಳಿದರ್ಧ ಮಾರಾಟಕ್ಕೆ; 2,000 ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕೋಣೆ; 1,00,000 ಚದರ ಮೀಟರ್ ಸಂಶೋಧನಾ ಜಾಗ. ದುಡ್ಡಿಗೆ 2012ರಲ್ಲಿ 350 ಮಿಲಿಯನ್ ಪೌಂಡಿನ ಬಾಂಡ್, ಅಂದರೆ ಸಾಲಪತ್ರ, ಹೊರಡಿಸಿತು. ಎಂಟುನೂರು ವರ್ಷದ ಇತಿಹಾಸದಲ್ಲಿ ಅದೇ ಮೊದಲ ಸಲ.

ಗೆಳತಿ ನಮ್ಮನ್ನು ಮನೆಗಿಂತ ಮೊದಲು ಶಾಲೆಯ ಕಡೆಗೆ ಕರೆದುಕೊಂಡು ಹೋದಳು. ಬಳೆಯ ಹಾಗೆ ದುಂಡಗೆ ಕಟ್ಟಿದ ಪ್ರಾಥಮಿಕ ಶಾಲೆ, ನಡುವೆ ಅಂಗಳ. ವಿನ್ಯಾಸ ಲಂಡನ್ ಐ ಕಟ್ಟಿದ ಮಾರ್ಕ್ಸ್ ಬಾರ್‌ಫೀಲ್ಡ್ ಅವರದು. ಮಕ್ಕಳಿಗೆ ಪಾಠ ಹೇಳುವುದರ ಜೊತೆಗೆ ಮೇಷ್ಟ್ರುಗಳನ್ನೂ ತಯಾರು ಮಾಡುವ ವಿಶ್ವವಿದ್ಯಾಲಯದ್ದೇ ಶಾಲೆ ಅದು. ಶುರುವಾದದ್ದು 2015ರಲ್ಲಿ, ಆಗ ಸುತ್ತ ಒಂದು ಮನೆಯೂ ಇರಲಿಲ್ಲ, ಬರೀ ಕ್ರೇನ್ ಮತ್ತು ಕೆಸರು. ಮನೆಗಳಿಗೆ ಜನ ಬಂದದ್ದು 2017ರಲ್ಲಿ. ನಮ್ಮ ಲೇಔಟುಗಳಲ್ಲಿ ‘ಸಿಎ ಸೈಟ್’ (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ) ಎಂಬ ಬೋರ್ಡು ಇಪ್ಪತ್ತು ವರ್ಷ ಪಾರ್ಥೇನಿಯಂ ನಡುವೆ ನಿಂತಿರುವುದನ್ನು ಕಂಡ ನನಗೆ ಈ ಲೆಕ್ಕ ತಲೆಗೆ ಹತ್ತಲು ತುಸು ಹೊತ್ತು ಬೇಕಾಯಿತು. ಪಕ್ಕದ ಸ್ಟೋರೀಸ್ ಫೀಲ್ಡ್ ಸೆಂಟರ್ ಸಮುದಾಯ ಭವನ. ಅದರ ಎತ್ತರದ ಸಭಾಂಗಣದೊಳಗೆ ನಿಂತರೆ ಮಾತು ತಾನಾಗಿ ಮೆಲ್ಲಗಾಗುತ್ತದೆ. ಬ್ರಿಟನ್ನಿನ ವಾಸ್ತುಶಿಲ್ಪಕ್ಕೆ ಕೊಡುವ ಸ್ಟರ್ಲಿಂಗ್ ಪ್ರಶಸ್ತಿಯ 2018ರ ಅಂತಿಮ ಪಟ್ಟಿಯಲ್ಲಿತ್ತು. 2021ರಲ್ಲಿ ಇಲ್ಲಿನ ಸಿಬ್ಬಂದಿ ವಸತಿಯೂ ಅದೇ ಪಟ್ಟಿ ಸೇರಿತು.

ಆದರೆ ನಾನು ನೋಡಬೇಕೆಂದು ಬಂದದ್ದು ನೀರಿನ ವ್ಯವಸ್ಥೆ. ಇಂಗ್ಲೆಂಡ್ ಅಂದರೆ ಮಳೆ ಅಂತ ನಮ್ಮ ನಂಬಿಕೆ. ಕೇಂಬ್ರಿಡ್ಜಿನಲ್ಲಿ ವರ್ಷಕ್ಕೆ 600 ಮಿ.ಮೀ. ಕೂಡ ಬೀಳುವುದಿಲ್ಲ, ಬೆಂಗಳೂರಿಗೆ ಅದಕ್ಕಿಂತ ಬಹಳ ಹೆಚ್ಚು ಬೀಳುತ್ತದೆ. ಇಲ್ಲಿನ ಕುಡಿಯುವ ನೀರು ಬರುವುದು ನೆಲದಡಿಯ ಸುಣ್ಣಕಲ್ಲಿನ ಪದರದಿಂದ. ಅದನ್ನು ಎತ್ತಿದಷ್ಟೂ ಅದರಿಂದಲೇ ಹುಟ್ಟುವ ತಿಳಿನೀರಿನ ಹಳ್ಳಗಳು ಸೊರಗುತ್ತವೆ. ನೀರಿಲ್ಲ ಎಂಬ ಕಾರಣಕ್ಕೇ ಈ ಭಾಗದ ಹೊಸ ವಸತಿ ಯೋಜನೆಗಳಿಗೆ ಪರಿಸರ ಇಲಾಖೆ ತಕರಾರು ತೆಗೆದದ್ದುಂಟು.

ಹಾಗಾಗಿ ಎಡಿಂಗ್ಟನ್ ಒಬ್ಬರಿಗೆ ದಿನಕ್ಕೆ 80 ಲೀಟರ್ ಕುಡಿಯುವ ನೀರು ಎಂಬ ಗುರಿ ಇಟ್ಟುಕೊಂಡಿತು. ಸೂರಿನ ಮೇಲೆ, ರಸ್ತೆಯ ಮೇಲೆ ಬಿದ್ದ ಮಳೆ ಹುಲ್ಲಿನ ಕಾಲುವೆಗಳಲ್ಲಿ ನಿಧಾನವಾಗಿ ಹರಿದು ಬ್ರೂಕ್ ಲೀಸ್ ಎಂಬಲ್ಲಿನ ಕೆರೆ ಸೇರುತ್ತದೆ. ಅಲ್ಲಿಂದ ಶುದ್ಧೀಕರಿಸಿ, ಬೇರೆಯದೇ ಕೊಳವೆಯಲ್ಲಿ ಮನೆಮನೆಗೆ ವಾಪಸ್ಸು. ಟಾಯ್ಲೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರಕ್ಕೆ, ತೋಟಕ್ಕೆ ಆ ನೀರೇ. ನಮ್ಮ ಬೆಂಗಳೂರಿನಲ್ಲೂ 2009ರಿಂದ ಮಳೆನೀರು ಸಂಗ್ರಹ ಕಡ್ಡಾಯ, ನಿಜ. ಆದರೆ ಅದು ಅವರವರ ಸೈಟಿನ ಅವರವರ ಸಂಪು. ಇಲ್ಲಿ ಇಡೀ ಬಡಾವಣೆಗೆ ಒಂದೇ ಜಾಲ, ಅದೂ ಮೊದಲ ಗುದ್ದಲಿ ಬೀಳುವ ಮುಂಚೆಯೇ ನಕ್ಷೆಯಲ್ಲಿತ್ತು. ಮನೆ ಕಟ್ಟಿದ ಮೇಲೆ ಎರಡನೇ ಕೊಳವೆ ಎಳೆಯುತ್ತೇನೆಂದು ಹೊರಟರೆ ಗೋಡೆ ನೆಲ ಎಲ್ಲ ಒಡೆಯಬೇಕು.

ಕೆರೆಯ ದಂಡೆಯಲ್ಲಿ ಒಂದು ಸುತ್ತು ಹಾಕಿದೆವು. ಜೊಂಡು, ಬಾತುಕೋಳಿ, ನಾಯಿ ಹಿಡಿದು ಓಡಾಡುವವರು. ಎಲ್ಲ ಚೆಂದ, ಆದರೆ ಪಕ್ಕದ ಎಂ11 ಹೆದ್ದಾರಿಯ ಗುಂಯ್‌ಗುಟ್ಟುವಿಕೆ ಒಂದು ಕ್ಷಣವೂ ಬಿಡಲಿಲ್ಲ.

ಕಸದ ಕಥೆಯೂ ನೆಲದಡಿಯದೇ. ಗೆಳತಿ ಮನೆಯಿಂದ ಒಂದು ಚೀಲ ಹಿಡಿದು ಬಂದು, ಪಾದಚಾರಿ ದಾರಿಯಲ್ಲಿ ಸಾಲಾಗಿ ನಿಂತ ಸೊಂಟದೆತ್ತರದ ಲೋಹದ ಪೆಟ್ಟಿಗೆಗಳಲ್ಲಿ ಒಂದರ ಬಾಯಿ ತೆರೆದು ಒಳಗೆ ಹಾಕಿದಳು. ದೊಪ್ಪೆಂದು ಆಳದಲ್ಲೆಲ್ಲೋ ಬಿದ್ದ ಸದ್ದು. ಡಬ್ಬಿ ತುಂಬಿತೆಂದು ಸೆನ್ಸರ್ ತಿಳಿಸಿದಾಗ ಲಾರಿ ಬಂದು, ಪೆಟ್ಟಿಗೆ ಸಮೇತ ಕ್ರೇನಿನಿಂದ ಎತ್ತಿ ಖಾಲಿ ಮಾಡುತ್ತದಂತೆ. ಮನೆಗಳ ಮುಂದೆ 9,000 ಚಕ್ರದ ಡಬ್ಬಿ ನಿಲ್ಲಿಸುವ ಬದಲು ಇಂಥ ಸುಮಾರು 450 ಸಾಕು ಎಂಬುದು ಯೋಜಕರ ಲೆಕ್ಕ. ನಾನೂ ಮೂಗು ಹತ್ತಿರ ಒಯ್ದು ನೋಡಿದೆ. ವಾಸನೆ ಇಲ್ಲ.

ಮಾರನೆಯ ದಿನ ಸೈಕಲ್ ದಾರಿ ಹಿಡಿದು ಮ್ಯಾಡಿಂಗ್ಲಿ ರಸ್ತೆ ದಾಟಿದೆವು. ಆಚೆಗೆ ವೆಸ್ಟ್ ಕೇಂಬ್ರಿಡ್ಜ್. 1974ರಲ್ಲಿ ಊರೊಳಗಿನ ಕ್ಯಾವೆಂಡಿಶ್ ಭೌತವಿಜ್ಞಾನ ಪ್ರಯೋಗಾಲಯ ಬಂದು ಸೇರಿದ್ದು ಇಲ್ಲಿಗೆ. ಈಗ ಇದನ್ನು ಇನ್ನೋವೇಶನ್ ಡಿಸ್ಟ್ರಿಕ್ಟ್ ಅಂತ ಕರೆದು, ಪ್ರಯೋಗಾಲಯಗಳ ನಡುವೆಯೇ ಕಂಪನಿಗಳಿಗೂ ಜಾಗ ಕೊಡುತ್ತಿದ್ದಾರೆ. 2022ರಲ್ಲಿ ತೆರೆದ ವೆಸ್ಟ್ ಹಬ್‌ನಲ್ಲಿ ಯಾರು ಬೇಕಾದರೂ ಹೋಗಿ ಕೂತು ಕಾಫಿ ಕುಡಿಯಬಹುದು. ನಾವು ಕುಡಿದೆವು. ಕಾಫಿ ಸುಮಾರು. ಸಂಜೆ ಆರು ದಾಟಿದರೆ ಈ ಭಾಗದಲ್ಲಿ ನರಪಿಳ್ಳೆ ಇರುವುದಿಲ್ಲ ಅಂದಳು ಗೆಳತಿ. ಎಡಿಂಗ್ಟನ್ನಿನಲ್ಲೂ ರಾತ್ರಿ ಎಂಟಕ್ಕೆ ಒಂದು ಬೋಂಡಾ ಅಂಗಡಿ, ಒಂದು ಹರಟೆಕಟ್ಟೆ ಕಾಣಲಿಲ್ಲ. ನಕ್ಷೆಯಲ್ಲಿ ಎಲ್ಲ ಇತ್ತು, ಇದೊಂದನ್ನು ಬರೆಯಲು ಬಾರದು ಅಂತ ನನಗನ್ನಿಸಿತು. ಅದಕ್ಕೆ ಅವಳು, “ಬೋಂಡಾ ಇಲ್ಲದಿದ್ದರೆ ಬೇಡ ಮಾರಾಯಾ, ಮನೆ ಇದ್ದರೆ ಸಾಕು” ಅಂದಳು.

ಅವಳ ಚಿಂತೆ ಬೇರೆ. ಸಿಬ್ಬಂದಿಗೆ ಕೊಡುವ ಈ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಪೋಸ್ಟ್‌ಡಾಕ್ ಕರಾರು ಮುಗಿದರೆ ಮನೆಯೂ ಮುಗಿಯಿತು. ಕೆರೆ, ಶಾಲೆ, ನೆಲದಡಿಯ ಡಬ್ಬಿ ಎಲ್ಲ ನೂರು ವರ್ಷಕ್ಕೆ ಯೋಚಿಸಿ ಮಾಡಿದ್ದು. ಬಾಡಿಗೆದಾರರು ಮಾತ್ರ ಎರಡು ಮೂರು ವರ್ಷದವರು. ಅವಳು ಈಗಲೇ ರೈಲಿನ ಪಾಸಿನ ದರ ವಿಚಾರಿಸಿಕೊಂಡು, ಹತ್ತಿರದ ಈಲಿ ಎಂಬ ಊರಿನ ಕಡೆ ಬಾಡಿಗೆ ಮನೆ ಹುಡುಕುತ್ತಿದ್ದಾಳೆ.